ಬಾರದ ಬೆಳೆಯ ಬೆಲೆ

ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿಗೆ ಬೆಲೆ ಕಟ್ಟುವುದು ಕಣ್ಣು ಮತ್ತು ಕೈಗಳ ಕೆಲಸ. ಅಡತಿ ಅಂಗಡಿಯ ಮುಂದೆ ಸುರಿದ ರಾಶಿಗೆ ವ್ಯಾಪಾರಿ ಕೈಯಿಕ್ಕಿ ಒಂದು ಹಿಡಿ ಕಾಳು ತೆಗೆಯುತ್ತಾನೆ. ಅಂಗೈಯ ಮೇಲೆ ಹರಡಿ ನೋಡುತ್ತಾನೆ. ಒಂದೆರಡನ್ನು ಹಲ್ಲಿನಲ್ಲಿ ಕಡಿದು, ತೇವವೆಷ್ಟು, ಜೊಳ್ಳೆಷ್ಟು, ಗಿರಣಿಗೆ ಹಾಕಿದರೆ ಬೇಳೆ ಎಷ್ಟು ಇಳಿದೀತು ಎಂದು ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾನೆ. ಅವನ ಲೆಕ್ಕ ತಪ್ಪುವುದುಂಟು. ತಪ್ಪಿದರೂ ರಾಶಿ ಕಣ್ಣೆದುರಿಗೇ ಇರುತ್ತದೆ. ಇನ್ನೂ ಹೊಲದಲ್ಲಿರುವ ಬೆಳೆಗೆ ಮುಂಗಡ ಕೊಡುವವನ ಧೈರ್ಯ ಬೇರೊಂದು ಬಗೆಯದು. ಬಿತ್ತನೆಯೇ ಆಗದ ಹೊಲದ ಮೇಲೆ, ಬೀಜವನ್ನು ಮಾತ್ರ ನೋಡಿ ಹಣ ಹೂಡುವವನ ಧೈರ್ಯವಂತೂ ವ್ಯಾಪಾರದ ಮಾತಲ್ಲ, ನಂಬುಗೆಯ ಮಾತು ಎಂದು ನಾವು ಹೇಳಿಬಿಡುತ್ತೇವೆ.

ಆಧುನಿಕ ಉದ್ಯಮಪ್ರಪಂಚದಲ್ಲಿ ಇಂಥ ಬೀಜದ ವ್ಯಾಪಾರ ನಿತ್ಯವೂ ನಡೆಯುತ್ತದೆ. ಒಂದು ಚಿಕ್ಕ ಕಂಪೆನಿ. ಅದಕ್ಕೆ ಸ್ವಂತ ಕಟ್ಟಡವಿಲ್ಲ, ಗೋದಾಮಿನಲ್ಲಿ ಸರಕಿಲ್ಲ. ಇರುವುದು ಒಂದು ಹೊಸ ಕಲ್ಪನೆ ಮತ್ತು ಅದಕ್ಕೆ ಪೇಟೆಂಟನ್ನು ಬೇಡಿ ಸರ್ಕಾರಕ್ಕೆ ಸಲ್ಲಿಸಿದ ಒಂದು ಅರ್ಜಿ. ಪೇಟೆಂಟೆಂದರೆ, ಹೊಸದೊಂದನ್ನು ಕಂಡುಹಿಡಿದವನು ಅದರ ಗುಟ್ಟನ್ನು ಲೋಕಕ್ಕೆ ತಿಳಿಸಿದುದಕ್ಕೆ ಪ್ರತಿಯಾಗಿ, ಗೊತ್ತಾದ ಕಾಲದವರೆಗೆ ಅವನ ಅಪ್ಪಣೆಯಿಲ್ಲದೆ ಬೇರೆಯವರು ಅದನ್ನು ಮಾಡಕೂಡದೆಂದು ಸರ್ಕಾರ ಕೊಡುವ ಹಕ್ಕು. 1888ರ ಭಾರತೀಯ ಶಾಸನದಲ್ಲಿ ಆ ಕಾಲ 14 ವರ್ಷ. ಇಂದು 20 ವರ್ಷ. ಅರ್ಜಿಯು ಇನ್ನೂ ತೀರ್ಮಾನವಾಗದೆ ಇರುವಾಗ ಅದರ ಬೆಲೆಯೇನು? ಬಂಡವಾಳ ಹೂಡಬಂದವರಲ್ಲಿ ಒಬ್ಬರು ಅದು ಬರಿಯ ಕಾಗದವೆನ್ನುತ್ತಾರೆ. ಹಕ್ಕು ದೊರೆಯದೆ ಹೋದೀತು, ದೊರೆತರೂ ಯಂತ್ರ ನಡೆಯದೆ ಹೋದೀತು, ನಡೆದರೂ ಕೊಳ್ಳುವವರು ಸಿಕ್ಕದೆ ಹೋದಾರು ಎಂದು ಅವರ ಅಂಜಿಕೆ. ಇನ್ನೊಬ್ಬರು, ಈ ಮೂರೂ ನಿಶ್ಚಯವಾದ ಮೇಲೆ ನಮ್ಮ ಹಣ ಯಾರಿಗೆ ಬೇಕಾದೀತು ಎಂದು ಕೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ನಿಜವಿದೆ. ಆದುದರಿಂದಲೇ ಈ ಚರ್ಚೆ ಎಂದಿಗೂ ಮುಗಿಯುವುದಿಲ್ಲ.

ಕನ್ನಡನಾಡಿನಲ್ಲಿ ಈ ಚರ್ಚೆಯ ನಡುವೆಯೇ ತಮ್ಮ ದೀರ್ಘಾಯುಷ್ಯವನ್ನು ಕಳೆದ ಮಹನೀಯರೊಬ್ಬರಿದ್ದರು. ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೆಂದರೆ ನಮಗೆ ಅಣೆಕಟ್ಟು ನೆನಪಾಗುತ್ತದೆ, ಮೈಸೂರು ಪೇಟ ನೆನಪಾಗುತ್ತದೆ, ಶಿಸ್ತಿನ ಕಥೆಗಳು ನೆನಪಾಗುತ್ತವೆ. ಪೇಟೆಂಟು ಪಡೆದ ಶೋಧಕರಾಗಿ, ಹಣವುಳ್ಳವರ ಮುಂದೆ ಕಾಗದದ ಮೇಲಿನ ಯೋಜನೆಗಳನ್ನು ಹರಡಿ ನಿಂತ ವಾದಿಗಳಾಗಿ ಅವರು ನೆನಪಾಗುವುದು ಅಪರೂಪ. ಆ ಕಡೆಯಿಂದ ನೋಡಿದರೆ ಅವರ ಬಾಳಿನ ಗೆಲವು ಸೋಲುಗಳೆರಡೂ ಬೇರೆ ಬೆಳಕಿನಲ್ಲಿ ಕಾಣುತ್ತವೆ.

1860ರ ಸೆಪ್ಟೆಂಬರಿನಲ್ಲಿ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಹುಡುಗನಿಗೆ ತಂದೆಯ ಆಸರೆ ಬಹುಕಾಲ ಉಳಿಯಲಿಲ್ಲ. ತಾಯಿ ವೆಂಕಟಲಕ್ಷ್ಮಮ್ಮನವರ ಗಟ್ಟಿತನ, ಸೋದರಮಾವನ ನೆರವು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಗಳಿಸಿದ ಅಲ್ಪ ಹಣ, ಇವುಗಳಿಂದ ಓದು ಸಾಗಿತು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯಾಯಿತು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಒಂದು ಮಾತನ್ನು ಇಲ್ಲಿಯೇ ಗುರುತಿಸಿಟ್ಟುಕೊಳ್ಳಬೇಕು. ಆ ವಿದ್ಯಾರ್ಥಿವೇತನವೂ ಬಾರದ ಬೆಳೆಗೆ ಕೊಟ್ಟ ಮುಂಗಡವೇ. ಬಡ ಹುಡುಗನೊಬ್ಬನ ಮೇಲೆ ಒಂದು ಸಂಸ್ಥಾನ ಹಣ ಹೂಡಿತು. ಅದಕ್ಕೆ ಯಾವ ಜಾಮೀನೂ ಇರಲಿಲ್ಲ.

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದ ತರುಣ ಇಂಜಿನಿಯರು ನಾಸಿಕ, ಖಾನದೇಶ, ಪುಣೆಗಳಲ್ಲಿ ದುಡಿದರು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣದಲ್ಲಿ, ನೀರು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿಲ್ಲದಾಗ, ಸಿಂಧೂ ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಮೂಲಕ ತಾನಾಗಿಯೇ ಸೋಸಿಬರುವ ನೀರನ್ನು ಊರಿಗೆ ಹಾಯಿಸಿದರು. ಇಲ್ಲದ ಹಣದ ಸ್ಥಾನದಲ್ಲಿ ಬುದ್ಧಿಯನ್ನು ಹೂಡುವ ಅವರ ರೀತಿ ಅಲ್ಲಿಯೇ ಮೊಳೆತಿತ್ತು.

ಆ ರೀತಿಯು ಪೂರ್ಣವಾಗಿ ಪ್ರಕಟವಾದುದು ಪುಣೆಯ ಸಮೀಪದ ಖಡಕವಾಸಲಾ ಜಲಾಶಯದಲ್ಲಿ. ಪುಣೆಗೂ ಸುತ್ತಲಿನ ಹೊಲಗಳಿಗೂ ನೀರುಣಿಸುತ್ತಿದ್ದ ಆ ಜಲಾಶಯ ಬೇಸಗೆಯಲ್ಲಿ ಸಾಲದಾಗುತ್ತಿತ್ತು. ಮಳೆಗಾಲದಲ್ಲಿಯೋ, ಪ್ರವಾಹದ ನೀರು ಕೋಡಿಯ ಮೇಲೆ ಆರೆಂಟು ಅಡಿ ಎತ್ತರಕ್ಕೆ ಉಕ್ಕಿ ಹರಿದು ವ್ಯರ್ಥವಾಗುತ್ತಿತ್ತು. ಅಣೆಯನ್ನೇ ಎತ್ತರಿಸುವುದು ದುಬಾರಿಯ ಕೆಲಸ. ಕೋಡಿಗೆ ಸಾಮಾನ್ಯ ಬಾಗಿಲುಗಳನ್ನಿಟ್ಟರೆ, ನಡುರಾತ್ರಿ ಹೊಳೆ ಬಂದಾಗ ತೆರೆಯಲು ಆಳು ತಡಮಾಡಿದರೆ ಅಣೆಗೇ ಅಪಾಯ. ವಿಶ್ವೇಶ್ವರಯ್ಯನವರು ಪ್ರವಾಹವನ್ನೇ ಕಾವಲಿಗೆ ಇಟ್ಟರು. ತೂಕ ಪ್ರತಿತೂಕಗಳ ಸಮತೋಲದ ಮೇಲೆ ನಿಂತ ಅವರ ಬಾಗಿಲುಗಳು, ನೀರು ಗೊತ್ತಾದ ಮಟ್ಟವನ್ನು ಮುಟ್ಟುವವರೆಗೆ ಮುಚ್ಚಿಕೊಂಡಿದ್ದು, ಅದನ್ನು ಮೀರಿದೊಡನೆ ನೀರಿನ ಬಲದಿಂದಲೇ ತೆರೆದು, ನೀರು ಇಳಿದ ಮೇಲೆ ತಾವೇ ಮುಚ್ಚಿಕೊಳ್ಳುತ್ತಿದ್ದವು. 1903ರಲ್ಲಿ ಅವು ಅಲ್ಲಿ ನಿಂತವು. ಅಣೆಯ ಕಲ್ಲುಕಟ್ಟಡವನ್ನು ಎತ್ತರಿಸದೆಯೇ ಜಲಾಶಯದಲ್ಲಿ 8 ಅಡಿ ನೀರು ಹೆಚ್ಚಾಗಿ ನಿಂತಿತು.

ಈ ಬಾಗಿಲುಗಳಿಗೆ ಅವರು ತಮ್ಮ ಹೆಸರಿನಲ್ಲಿ ಪೇಟೆಂಟು ಪಡೆದರು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಗೂ ಮೈಸೂರಿನ ಕೃಷ್ಣರಾಜಸಾಗರಕ್ಕೂ ಅದೇ ಬಗೆಯ ಬಾಗಿಲುಗಳು ಬಂದವು. ಒಂದು ಕಂಪೆನಿಯ ಕೈಯಲ್ಲಿದ್ದಿದ್ದರೆ ಅದು ವರ್ಷ ವರ್ಷವೂ ಗೌರವಧನ ತರುವ ಹಕ್ಕು. ಆದರೆ ತಾವು ಸರ್ಕಾರದ ಸಂಬಳ ಪಡೆದು, ಸರ್ಕಾರದ ಕೆಲಸದಲ್ಲಿದ್ದಾಗ ರೂಪಿಸಿದ ವಸ್ತುವಿಗೆ ಬೇರೆಯಾಗಿ ಹಣ ಪಡೆಯುವುದು ಯುಕ್ತವಲ್ಲವೆಂದು ಅವರು ಆ ಗೌರವಧನವನ್ನು ತೆಗೆದುಕೊಳ್ಳಲಿಲ್ಲ.

ಇದನ್ನು ತ್ಯಾಗವೆಂದು ಹೊಗಳಿ ಮುಂದೆ ಹೋಗುವುದು ಸುಲಭ. ವಿಚಾರಿಸಿದರೆ ಅದರಲ್ಲಿ ಒಂದು ಲೆಕ್ಕಾಚಾರದ ಖಚಿತತೆ ಇದೆ. ಹಣ ಬೇಡವೆಂದವರು ಹಕ್ಕು ಬೇಡವೆನ್ನಲಿಲ್ಲ, ಪೇಟೆಂಟನ್ನು ಬಿಡಲಿಲ್ಲ. ಬುದ್ಧಿ ಯಾರದು ಎಂಬ ಪ್ರಶ್ನೆ ಒಂದು, ಅದು ಹುಟ್ಟುವ ಕಾಲದಲ್ಲಿ ಅದನ್ನು ಸಾಕಿದ ಹಣ ಯಾರದು ಎಂಬ ಪ್ರಶ್ನೆ ಇನ್ನೊಂದು. ಮೊದಲನೆಯದಕ್ಕೆ ಅವರು ತಮ್ಮ ಹೆಸರನ್ನು ಬರೆದರು. ಎರಡನೆಯದಕ್ಕೆ ಸಾರ್ವಜನಿಕರ ಹೆಸರನ್ನು. ಹೂಡಿಕೆಯ ಅಪಾಯವನ್ನು ಹೊತ್ತವರಿಗೇ ಫಲ ಸೇರಬೇಕೆಂಬ ಬಂಡವಾಳಗಾರರ ನಿಯಮವನ್ನೇ ಅವರು ತಿರುಗಿಸಿ, ಸರ್ಕಾರದ ಪರವಾಗಿ, ತಮಗೆ ವಿರುದ್ಧವಾಗಿ ಅನ್ವಯಿಸಿಕೊಂಡರೆಂದು ಹೇಳಬಹುದು.

ಮುಂಬಯಿ ಪ್ರಾಂತದಲ್ಲಿ ಮುಖ್ಯ ಇಂಜಿನಿಯರ ಪದವಿ ಭಾರತೀಯರಿಗೆ ದೊರೆಯುವ ಸಂಭವವಿಲ್ಲದುದರಿಂದ ಅವರು 1908ರಲ್ಲಿ ಅವಧಿಗೆ ಮೊದಲೇ ಸೇವೆಯಿಂದ ಬಿಡುಗಡೆ ಬೇಡಿ ವಿದೇಶಪ್ರವಾಸಕ್ಕೆ ಹೊರಟರು. ಅದೇ ವರ್ಷದ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದನ್ನು ಕೊಚ್ಚಿತು. ಸಾವಿರಾರು ಜನ ಮಡಿದರು. ಆಗ ಕಲಬುರಗಿಯೂ ನಿಜಾಮರ ರಾಜ್ಯದ ಭಾಗ; ಆ ಸುದ್ದಿ ನಮ್ಮ ಹಿರಿಯರಿಗೆ ಪರನಾಡಿನ ಸುದ್ದಿಯಾಗಿರಲಿಲ್ಲ. ನಿಜಾಮ ಸರ್ಕಾರದ ಕರೆಗೆ ಓಗೊಟ್ಟು 1909ರಲ್ಲಿ ಬಂದ ವಿಶ್ವೇಶ್ವರಯ್ಯನವರು, ನಗರದ ಮೇಲುಭಾಗದಲ್ಲಿ ಮೂಸಿಗೂ ಅದರ ಉಪನದಿ ಈಸಿಗೂ ಜಲಾಶಯಗಳನ್ನು ಕಟ್ಟಬೇಕೆಂದು ಸೂಚಿಸಿದರು. ಉಸ್ಮಾನಸಾಗರ, ಹಿಮಾಯತಸಾಗರಗಳು ಆ ಸೂಚನೆಯ ಫಲ. ಮುಂದೆ ಬಾರದಿರುವ ಪ್ರವಾಹಕ್ಕೆ ಯಾವ ಗಂಜಿನಲ್ಲಿ ಬೆಲೆ ಕಟ್ಟುವುದು? ಆದರೆ ಒಮ್ಮೆ ನೀರಿನಲ್ಲಿ ಮುಳುಗಿದ್ದ ಊರಿಗೆ ಆ ಬೆಲೆ ಚೆನ್ನಾಗಿ ತಿಳಿದಿತ್ತು.

ಹಾಗೆ ಮುಳುಗದ ಊರಿಗೆ ಅದನ್ನು ತಿಳಿಸುವುದು ಕಷ್ಟ. 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದ ಮೇಲೆ ಅವರಿಗೆ ಎದುರಾದುದು ಈ ಕಷ್ಟವೇ. ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆ ಕಟ್ಟುವ ಯೋಜನೆಯ ವೆಚ್ಚ ಸುಮಾರು 2.5 ಕೋಟಿ ರೂಪಾಯಿ. ಅಂದಿನ ಮೈಸೂರಿಗೆ ಎದೆ ನಡುಗಿಸುವ ಮೊತ್ತ. ಹಣಕಾಸಿನ ಹೊಣೆ ಹೊತ್ತ ಅಧಿಕಾರಿಗಳ ಸಂದೇಹಗಳು ಹಗುರವಾದವುಗಳಲ್ಲ. ಇಷ್ಟು ವಿದ್ಯುತ್ತನ್ನು ಕೊಳ್ಳುವವರು ಯಾರು? ನಾಲೆಯ ನೀರನ್ನು ರೈತರು ಒಪ್ಪಿಯಾರೆ? ಕೆಳಗಿನ ಮದರಾಸು ಪ್ರಾಂತ ಸುಮ್ಮನಿದ್ದೀತೆ? ಖಜಾನೆಯನ್ನು ಕಾಯುವವನು ಕೇಳಲೇಬೇಕಾದ ಪ್ರಶ್ನೆಗಳಿವು. ಕೇಳಿದವರನ್ನು ದೂರದೃಷ್ಟಿಯಿಲ್ಲದವರೆಂದು ಜರೆಯುವುದು ನ್ಯಾಯವಲ್ಲ.

ವಿಶ್ವೇಶ್ವರಯ್ಯನವರ ಉತ್ತರ ಸ್ವಪ್ನದ ಭಾಷೆಯಲ್ಲಿರಲಿಲ್ಲ, ಲೆಕ್ಕದ ಭಾಷೆಯಲ್ಲಿತ್ತು. 1902ರಿಂದಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಗೆಯಲ್ಲಿ ಕಾವೇರಿ ಸೊರಗಿದಾಗ ವಿದ್ಯುತ್ತೂ ಸೊರಗುತ್ತಿತ್ತು. ಗಣಿಯವರಿಗೋ ಇನ್ನೂ ಹೆಚ್ಚು ಬೇಕಾಗಿತ್ತು. ಮೇಲೆ ಜಲಾಶಯವಿದ್ದರೆ ವರ್ಷವಿಡೀ ಒಂದೇ ಸಮನೆ ನೀರು ಬಿಡಬಹುದು. ಗಣಿಯವರು ಕೊಡುವ ಹಣವೇ ಸಾಲದ ಭಾರವನ್ನು ಹಗುರ ಮಾಡುತ್ತದೆ. ಕೊಳ್ಳುವವನನ್ನು ಮೊದಲು ತೋರಿಸಿ ಆಮೇಲೆ ಅಣೆಯನ್ನು ತೋರಿಸಿದ ಈ ಕ್ರಮದಿಂದ ಯೋಜನೆಯ ಒಂದು ಭಾಗವಾದರೂ ಊಹೆಯಿಂದ ನಿಶ್ಚಯದ ಕಡೆಗೆ ಸರಿಯಿತು. 1911ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆಯಿತ್ತರು.

ಮದರಾಸಿನ ಆಕ್ಷೇಪವಿದ್ದುದರಿಂದ ಮೊದಲು ದೊರೆತ ಅನುಮತಿ 80 ಅಡಿ ನೀರಿನ ಎತ್ತರಕ್ಕೆ ಮಾತ್ರ. ಮೂಲ ಯೋಜನೆ 124 ಅಡಿಯದು. ಆಗ ಅವರು ಮಾಡಿದ ಒಂದು ಕೆಲಸದಲ್ಲಿ ಅವರ ಇಡೀ ಸ್ವಭಾವವೇ ಕಾಣುತ್ತದೆ. ಎತ್ತರದ ಅಣೆಗೆ ಬೇಕಾಗುವಷ್ಟು ಅಗಲದ ಅಡಿಪಾಯವನ್ನು ಹಾಕಿಸಿದರು. ತೀರ್ಮಾನವಾಗದ ಅರ್ಜಿಯ ಮೇಲೆ ಹಣ ಹೂಡಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ? ಅನುಮತಿ ದೊರೆಯದೆ ಹೋಗಿದ್ದರೆ ನೆಲದೊಳಗಿನ ಆ ಕಲ್ಲು ಸುಣ್ಣವೆಲ್ಲ ದಂಡ. ದೊರೆತ ಮೇಲೆ ಅಗಲಿಸುತ್ತೇವೆಂದರೆ, ಮುಗಿದ ಗೋಡೆಯ ಅಡಿಪಾಯವನ್ನು ಅಗಲಿಸುವುದೆಂತು? ಕಾಯುವುದಕ್ಕೂ ಒಂದು ವೆಚ್ಚವಿದೆ, ಮತ್ತು ಕೆಲವು ವೇಳೆ ಅದು ನಷ್ಟಕ್ಕಿಂತ ಹೆಚ್ಚಿನದು ಎಂಬುದನ್ನು ಅವರು ಅರಿತಿದ್ದರು. ಮಧ್ಯಸ್ಥರ ವಿಚಾರಣೆ, ಮೇಲ್ಮನವಿ, ಪತ್ರವ್ಯವಹಾರಗಳೆಲ್ಲ ಮುಗಿದು ಎರಡು ಸರ್ಕಾರಗಳ ಒಪ್ಪಂದವಾದುದು 1924ರಲ್ಲಿ. ಸಿಮೆಂಟಿನ ಬದಲು ಸುರ್ಕಿಗಾರೆಯಲ್ಲಿ ಕಟ್ಟಿದ 130 ಅಡಿ ಎತ್ತರದ, 8,600 ಅಡಿ ಉದ್ದದ ಆ ಗೋಡೆ ಪೂರ್ಣವಾಗುವ ಹೊತ್ತಿಗೆ ಅವರು ಅಧಿಕಾರ ಬಿಟ್ಟು ವರ್ಷಗಳೇ ಕಳೆದಿದ್ದವು. ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದು, 1933ರಲ್ಲಿ ಅಲ್ಲಿ ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. ಹಿಂದೆ ಕೇಳಿದ ಪ್ರಶ್ನೆಗಳಿಗೆ ಕಬ್ಬಿನ ಗದ್ದೆಗಳು ಉತ್ತರ ಹೇಳಿದವು. ಆದರೆ ಅವು ಬಾಯಿ ತೆರೆಯಲು 20 ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

1912ರ ನವೆಂಬರಿನಿಂದ 1918ರ ಕೊನೆಯವರೆಗೆ ಅವರು ಮೈಸೂರಿನ ದಿವಾನರಾಗಿದ್ದ ಕಾಲದ ಕೆಲಸಗಳು ಶಾಲೆಯ ಮಕ್ಕಳಿಗೂ ತಿಳಿದವು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ. ಗಂಧದೆಣ್ಣೆ, ಸಾಬೂನುಗಳ ಕಾರ್ಖಾನೆಗಳು. ಎಲ್ಲವೂ ಬೀಜರೂಪದಲ್ಲಿರುವಾಗಲೇ ಅವುಗಳಿಗೆ ಬಂಡವಾಳ ಒದಗಿಸಿದರು.

ಅದೇ ಕಾಲದಲ್ಲಿ ಅವರ ಮುಂದೆ ಬಂದ ಇನ್ನೊಂದು ಬೇಡಿಕೆಯನ್ನು ಜೀವನಚರಿತ್ರೆಕಾರರು ಬೇಗ ದಾಟಿಹೋಗುತ್ತಾರೆ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ತಕ್ಕ ಸ್ಥಾನ ಬೇಕೆಂಬ ಕೂಗು ಎದ್ದಿತ್ತು. ಮಹಾರಾಜರು ಅದಕ್ಕೆ ಕಿವಿಗೊಟ್ಟು 1918ರಲ್ಲಿ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯೊಂದೇ ಅಳತೆಗೋಲಾಗಿರಬೇಕೆಂದು ನಂಬಿದ್ದ ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರು ಪದವಿಯಿಂದ ನಿವೃತ್ತರಾದರು. ಅವರು ಶಿಕ್ಷಣದ ವಿರೋಧಿಯಲ್ಲ. 1913ರಲ್ಲಿಯೇ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾನೂನನ್ನು ತಂದವರು, ಹಿಂದುಳಿದವರಿಗೆ ವಿದ್ಯಾರ್ಥಿವೇತನ ಕೊಟ್ಟವರು. ಆದರೂ ಇಲ್ಲಿ ಒಂದು ಕೊರತೆ ಕಾಣದಿರದು. ಆ ಸಮುದಾಯಗಳು ಕೇಳಿದುದು ಏನು? ಅವಕಾಶವೇ ಸಿಗದೆ ಪ್ರಕಟವಾಗದ ತಮ್ಮ ಯೋಗ್ಯತೆಯ ಮೇಲೆ ರಾಜ್ಯ ನಂಬುಗೆ ಹೂಡಬೇಕೆಂದು. ಅನುಮತಿಗೆ ಮುಂಚೆಯೇ ಅಡಿಪಾಯವನ್ನು ಅಗಲವಾಗಿ ಹಾಕಿಸಿದವರು, ಮನುಷ್ಯರ ವಿಷಯದಲ್ಲಿ ಗೋಡೆ ಮೊದಲು ಎದ್ದು ನಿಲ್ಲಲಿ ಎಂದರು. ನದಿಯಲ್ಲಿ ಅವರು ಕಂಡ ಬಾರದ ಬೆಳೆ ಸಮಾಜದಲ್ಲಿ ಅವರಿಗೆ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ದೊಡ್ಡವರ ಬಾಳಿನಿಂದ ಕಲಿಯಬೇಕಾದುದರಲ್ಲಿ ಇದೂ ಒಂದು.

ಅವರು ಬಿತ್ತಿದ್ದ ಇನ್ನೊಂದು ಬೀಜ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಮಲೆನಾಡಿನಲ್ಲಿ ಅದಿರಿತ್ತು, ಕಾಡಿತ್ತು, ಹೊಳೆಯಿತ್ತು, ಕಲ್ಲಿದ್ದಲು ಇರಲಿಲ್ಲ. ಮರದ ಇದ್ದಿಲಿನಿಂದಲೇ ಕಬ್ಬಿಣ ಕರಗಿಸುವ ಯೋಜನೆಯದು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿಕೊಳ್ಳುವ ವೇಳೆಗೆ ಮಹಾಯುದ್ಧದ ಕಾಲದ ಬೆಲೆಗಳು ಕುಸಿದುಹೋಗಿದ್ದವು. ಲೆಕ್ಕ ಹಾಕಿದಾಗಿನ ಪೇಟೆಯೇ ಬೇರೆ, ಮಾರಲು ಹೋದಾಗಿನ ಪೇಟೆಯೇ ಬೇರೆ. ಪ್ರಜೆಗಳ ಹಣ ಬೂದಿಯಾಗುತ್ತಿದೆ ಎಂಬ ಟೀಕೆ ಎದ್ದಿತು. ಕಾರ್ಖಾನೆಯನ್ನು ಮುಚ್ಚುವ, ಮಾರುವ ಮಾತುಗಳು ಬಂದವು.

ಆಗ ಸರ್ಕಾರ ಯೋಜನೆಯ ಮೂಲಪುರುಷರನ್ನೇ ಕರೆಸಿತು. 1923ರಿಂದ 1929ರವರೆಗೆ ವಿಶ್ವೇಶ್ವರಯ್ಯನವರು ಅದರ ಆಡಳಿತಮಂಡಲಿಯ ಅಧ್ಯಕ್ಷರಾಗಿದ್ದರು. ವೆಚ್ಚವನ್ನು ಬಿಗಿದರು, ಹೆಚ್ಚಿನ ಸಂಬಳದ ವಿದೇಶೀ ತಜ್ಞರ ಸ್ಥಾನಗಳಿಗೆ ಈ ನೆಲದ ತರುಣರನ್ನು ತಯಾರು ಮಾಡಿದರು. ಬೀಜ ಕೊಟ್ಟವನು ಬೆಳೆಯ ಕಾಲಕ್ಕೆ ಮರೆಯಾಗದೆ, ಕಳೆ ಕೀಳಲು ತಾನೇ ಹೊಲಕ್ಕೆ ಇಳಿದುದು ಇಲ್ಲಿಯ ವಿಶೇಷ. ಅಧ್ಯಕ್ಷತೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಮನೆಗೆ ಒಯ್ಯಲಿಲ್ಲ. ಅದು 1943ರಲ್ಲಿ ಬೆಂಗಳೂರಿನಲ್ಲಿ ತರುಣರಿಗೆ ಕೈಕಸುಬು ಕಲಿಸುವ ಜಯಚಾಮರಾಜೇಂದ್ರ ಔದ್ಯೋಗಿಕ ಶಿಕ್ಷಣಸಂಸ್ಥೆಯ ಸ್ಥಾಪನೆಗೆ ನೆರವಾಯಿತು. ಭದ್ರಾವತಿಗೆ ಮುಂದೆ ಉಕ್ಕು ಬಂದಿತು, ಸಿಮೆಂಟು ಬಂದಿತು, ಒಂದು ಊರೇ ಬೆಳೆಯಿತು. ಆದರೂ ಅದನ್ನು ಉಳಿಸಬೇಕೆ, ಮುಚ್ಚಬೇಕೆ ಎಂಬ ಚರ್ಚೆ 100 ವರ್ಷಗಳ ಬಳಿಕವೂ ಕೇಳಿಬಂದಿತು. ಇದ್ದಿಲಿಗಾಗಿ ಉರುಳಿದ ಮರಗಳ ಲೆಕ್ಕವನ್ನೂ ಸೇರಿಸಿದರೆ, ಈ ಬೆಳೆಯ ನಿಜವಾದ ಬೆಲೆ ಇಷ್ಟೇ ಎಂದು ಹೇಳುವುದು ಸುಲಭವಲ್ಲ.

ಸರ್ಕಾರವೊಂದೇ ಹಣ ಹೂಡುವ ಕಾಲ ಮುಗಿಯಿತೆಂದು ತೋರಿದ ಮೇಲೆ ಅವರು ಷೇರುದಾರರ ಕಡೆಗೆ ತಿರುಗಿದರು. ಆಗ ಅವರಿಗೆ 75 ವರ್ಷ. ಭಾರತದಲ್ಲಿಯೇ ಮೋಟಾರು ಕಾರು ತಯಾರಿಸಬೇಕೆಂಬುದು ಹೊಸ ಆಸೆ. 1928ರಿಂದ ಜನರಲ್ ಮೋಟಾರ್ಸ್ ಕಂಪೆನಿ ಮುಂಬಯಿಯಲ್ಲಿ ಹೊರಗಿನಿಂದ ತಂದ ಭಾಗಗಳನ್ನು ಜೋಡಿಸಿ ಕಾರು ಮಾರುತ್ತಿತ್ತು; ತಯಾರಿಕೆ ಎಂಬುದಿರಲಿಲ್ಲ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಕಾರ್ಖಾನೆಗಳನ್ನು ಕಣ್ಣಾರೆ ನೋಡಿ ಬಂದು, 2.25 ಕೋಟಿ ರೂಪಾಯಿಗಳ ಕಂಪೆನಿಯ ಯೋಜನೆಯನ್ನು ಮುಂದಿಟ್ಟರು. ಮುಂಬಯಿಯ ಉದ್ಯಮಿ ವಾಲಚಂದ ಹೀರಾಚಂದರು ಜೊತೆಗೂಡಿದರು.

ಬಂಡವಾಳಗಾರರು ಈ ಕಂಪೆನಿಯಲ್ಲಿ ಕಂಡುದೇನು? ನೆಲವಿಲ್ಲ, ಯಂತ್ರವಿಲ್ಲ, ಒಂದು ವರದಿ ಮತ್ತು ಒಬ್ಬ ವೃದ್ಧರ ಹೆಸರು. ಎಂಜಿನ್ನಿನ ಪೇಟೆಂಟುಗಳೂ ನಕ್ಷೆಗಳೂ ಅಮೆರಿಕದವರ ಕೈಯಲ್ಲಿ. ಅವುಗಳನ್ನು ಬಳಸುವ ಹಕ್ಕಿಗೆ ಎಷ್ಟು ಕೊಡಬೇಕು, ಕೊಟ್ಟರೆ ಕಂಪೆನಿಯ ಹಿಡಿತ ಯಾರ ಕೈಯಲ್ಲಿ ಉಳಿದೀತು? ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪೆನಿಗಳೊಡನೆ ನಡೆದ ಮಾತುಕತೆ ಫಲಿಸಲಿಲ್ಲ; ಕೊನೆಗೆ ಒಪ್ಪಿದುದು ಕ್ರೈಸ್ಲರ್. ಹಣ ಹೂಡುವವರ ಅಂಜಿಕೆಯನ್ನು ಕಳೆಯಲು, ಆರಂಭದ ಕೆಲವು ವರ್ಷ ಸರ್ಕಾರವು ಕನಿಷ್ಠ ಬಡ್ಡಿಯ ಭರವಸೆ ಕೊಡಬೇಕೆಂದು ವಿಶ್ವೇಶ್ವರಯ್ಯನವರು ಕೇಳಿದರು. ಅದೇನೂ ಅನ್ಯಾಯದ ಬೇಡಿಕೆಯಲ್ಲ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ರೈಲ್ವೆ ಕಂಪೆನಿಗಳು ಭಾರತದಲ್ಲಿ ಹಣ ಹೂಡಿದುದು ಶೇಕಡಾ 5ರ ಬಡ್ಡಿಯನ್ನು ಸರ್ಕಾರದಿಂದ ಬರೆಯಿಸಿಕೊಂಡ ಮೇಲೆಯೇ. ಆ ಬಡ್ಡಿ ತುಂಬಿಕೊಟ್ಟುದು ಭಾರತದ ತೆರಿಗೆಯ ಹಣದಿಂದ. ಪರರ ಅಪಾಯವನ್ನು ಹೊತ್ತ ಖಜಾನೆ ತನ್ನವರದನ್ನು ಹೊರಬಾರದೆ?

ಮುಂಬಯಿಯ ಖೇರ್ ಮಂತ್ರಿಮಂಡಲ ಭರವಸೆ ಕೊಡಲು ಮುಂದಾಯಿತು. ಆದರೆ ಯುದ್ಧ ಬಂದು 1939ರಲ್ಲಿ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಭಾರತ ಸರ್ಕಾರ ಕೈಹಿಡಿಯಲಿಲ್ಲ. ಕಾರ್ಖಾನೆ ವಿಶ್ವೇಶ್ವರಯ್ಯನವರ ಯೋಜನೆಯಂತೆ ಏಳಲಿಲ್ಲ. ವಾಲಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಮೋಟಾರು ಕಂಪೆನಿಯನ್ನು ಸ್ಥಾಪಿಸಿದರು. ಬೀಜ ಒಬ್ಬರದು, ಹೊಲ ಇನ್ನೊಬ್ಬರದಾಯಿತು. ವಿಶ್ವೇಶ್ವರಯ್ಯನವರು 1941ರಲ್ಲಿ ದೇಶದ ತಯಾರಕರ ಸಂಘವನ್ನು ಕಟ್ಟಿ, ಮತ್ತೆ ಅಂಕಿಅಂಶಗಳ ಕಡತಗಳನ್ನು ತೆರೆದು ಕುಳಿತರು.

1955ರಲ್ಲಿ ಭಾರತರತ್ನ ಬಂದಿತು. 1960ರಲ್ಲಿ ಜನ್ಮಶತಮಾನೋತ್ಸವಕ್ಕೆ ಅಂಚೆಚೀಟಿ ಹೊರಟಿತು. 1962ರ ಏಪ್ರಿಲಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ಅವರ ಬಾಳಿನಿಂದ ಬಂಡವಾಳಗಾರನಿಗೆ ಸಿದ್ಧಸೂತ್ರವೇನೂ ಸಿಗುವುದಿಲ್ಲ. ಖಡಕವಾಸಲಾದ ಬಾಗಿಲು ತಾನು ತೆರೆದುಕೊಂಡು ತನ್ನ ಬೆಲೆಯನ್ನು ತೋರಿಸಿತು; ಕನ್ನಂಬಾಡಿ ತಡವಾಗಿ ತೋರಿಸಿತು; ಭದ್ರಾವತಿಯ ಲೆಕ್ಕ ಮುಗಿಯಲಿಲ್ಲ; ಮೋಟಾರಿನದು ಅವರ ಪಾಲಿಗೆ ಬರಲೇ ಇಲ್ಲ. ಆದರೆ ಕಾಗದವೊಂದನ್ನು ಮುಂದಿಟ್ಟು ಯಾರಾದರೂ ಹಣ ಕೇಳಿದಾಗ ನಾವು ಪರೀಕ್ಷಿಸಬೇಕಾದುದು ಕಾಗದವನ್ನು ಮಾತ್ರವಲ್ಲ ಎಂಬುದು ಇಲ್ಲಿ ತಿಳಿಯುತ್ತದೆ. ಕೊಳ್ಳುವವರನ್ನು ಅವನು ಹುಡುಕಿದ್ದಾನೆಯೆ? ನಷ್ಟದ ವರ್ಷದಲ್ಲಿ ಕುಲುಮೆಯ ಮುಂದೆ ನಿಂತಾನೆಯೆ? ತನ್ನದಲ್ಲದ ಹಣದಿಂದ ಹುಟ್ಟಿದ ಫಲವನ್ನು ತನ್ನದೆನ್ನದೆ ಬಿಟ್ಟಾನೆಯೆ? ಈ ಪ್ರಶ್ನೆಗಳಿಗೆ ಹೌದೆನ್ನಬಲ್ಲ ಮನುಷ್ಯನು ತಂದ ಬೀಜ ಕೂಡ ಮಳೆ ತಪ್ಪಿದರೆ ಒಣಗೀತು. ಆದರೂ ಬಿತ್ತುವವರು ಬಿತ್ತಬೇಕು. ಗಂಜಿಗೆ ಬರುವ ಪ್ರತಿಯೊಂದು ರಾಶಿಯೂ ಎಂದೋ ಒಂದು ದಿನ, ಕೈಗೆ ಸಿಗದ ಕಾಲದಲ್ಲಿ, ಯಾರೋ ನಂಬಿ ಹೂಡಿದುದರಿಂದಲೇ ಬಂದದ್ದು.